ಎರಡು ಕೆನ್ನೆ, ಮಾವ್ಶಿಯ ಮಲ್ಲಿಗೆ ಎಣ್ಣೆ

ಅಕ್ಕನ ಕೆನ್ನೆಗಳಲ್ಲಿ ಕೆಂಪು ಬೊಕ್ಕೆಗಳೆದ್ದದ್ದು ಮದುವೆಗೆ ಒಂದು ವಾರವಿರುವಾಗ ಎಂದು ನನ್ನ ನೆನಪು. ಹತ್ತು ದಿನವೂ ಇದ್ದಿರಬಹುದು. ಎಂಬತ್ತರ ದಶಕದ ಆರಂಭ. ಮದುಮಗ ಬಹರೈನಿನಿಂದ ಕಳುಹಿಸಿದ, ಮುಖ ಬೆಳ್ಳಗಾಗಿಸುವ ಕ್ರೀಮೇ ಕಾರಣ ಎಂಬುದರಲ್ಲಿ ಮಾತ್ರ ಸಂಶಯವಿಲ್ಲ.

"ಈ ಮುಖ ಇಟ್ಟುಕೊಂಡು ನಾನು ರೋಸಿಗೆ ಕೂರುವುದಿಲ್ಲ" ಎಂದಳು ಅಕ್ಕ. ರೋಸ್ ಎಂದರೆ ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ, ನಮ್ಮ ಕ್ರೈಸ್ತ ಮನೆಗಳ ಶಾಸ್ತ್ರ. ಕಾಪುವಿನ ನಮ್ಮ ಮನೆಗೆ ಕಲ್ಯಾಣಪುರ, ಕಾರ್ಕಳಗಳಿಂದೆಲ್ಲ ಜನ ಬರುವವರಿದ್ದರು.

ಅಮ್ಮನ ತಂಗಿ, ನಮ್ಮ ಮಾವ್ಶಿ, ಒಂದು ಬಾಟಲಿ ತಂದರು. ಹಿತ್ತಲಿನ ಮಲ್ಲಿಗೆ ಮೊಗ್ಗನ್ನು ತೆಂಗಿನೆಣ್ಣೆಗೆ ಹಾಕಿ ಬಿಸಿಲಿಗಿಟ್ಟದ್ದು. ಬಾಯಿಹುಣ್ಣಿಗೆ ಮಲ್ಲಿಗೆ ಎಲೆ ಜಗಿಸುವುದು, ಸೆಕೆಬೊಕ್ಕೆಗೆ ಈ ಎಣ್ಣೆ ಸವರುವುದು ಅವರ ಮದ್ದು. ನಾನು ಮಣಿಪಾಲದಲ್ಲಿ ಔಷಧಶಾಸ್ತ್ರ ಓದುತ್ತಿದ್ದೆ. ಪುರಾವೆಯಿಲ್ಲದೆ ಏನನ್ನೂ ನಂಬುತ್ತಿರಲಿಲ್ಲ.

"ಹೂವಿನಿಂದ ಎಂತ ಆಗ್ತದೆ ಮಾವ್ಶಿ? ಬರೀ ತೆಂಗಿನೆಣ್ಣೆಯೂ ಸಾಕು."

"ಹಾಗಾದರೆ ನೀನೇ ಮದುಮಗಳಾಗಿ ಕೂತ್ಕೋ ಮಾರಾಯ."

ನಾನು ಪರೀಕ್ಷೆಯೊಂದನ್ನು ಹೂಡಿದೆ. ಕ್ರೀಮು ಬಂದ್. ಎಡಗೆನ್ನೆಗೆ ಮಲ್ಲಿಗೆ ಎಣ್ಣೆ, ಬಲಗೆನ್ನೆಗೆ ಬರೀ ತೆಂಗಿನೆಣ್ಣೆ. ಅಥವಾ ಅದರ ಉಲ್ಟಾ; ಈಗ ಖಚಿತವಿಲ್ಲ. ಅಕ್ಕ ಅಷ್ಟು ಸುಲಭವಾಗಿ ಒಪ್ಪಿದ್ದೇ ನನಗೆ ವಿಚಿತ್ರವೆನಿಸಬೇಕಿತ್ತು. ದಿನಾ ಕಾಲೇಜು ಮುಗಿಸಿ, ಉಡುಪಿಯಲ್ಲಿ ಬಸ್ಸು ಬದಲಿಸಿ ಮನೆ ಸೇರಿದವನೇ ಅವಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ನೋಡುತ್ತಿದ್ದೆ. ಎರಡೂ ಕೆನ್ನೆ ಒಟ್ಟೊಟ್ಟಿಗೆ ವಾಸಿಯಾಗುತ್ತ ಬಂದವು.

ರೋಸಿನ ದಿನ ಬೆಳಿಗ್ಗೆ ಕೆಂಪು ಪೂರ್ತಿ ಇಳಿದಿತ್ತು. "ನೋಡಿ ಮಾವ್ಶಿ, ಎರಡೂ ಒಂದೇ. ನಿಮ್ಮ ಮಲ್ಲಿಗೆಯ ಹೆಚ್ಚುಗಾರಿಕೆ ಎಂತದೂ ಇಲ್ಲ!" ಎಂದೆ.

ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಎರಡಕ್ಕೂ ಮಾವ್ಶಿಯ ಎಣ್ಣೆಯೇ ಹಚ್ಚಿದ್ದು. ಮದುವೆ ನನ್ನದಲ್ವಾ? ಅರ್ಧ ಮುಖಕ್ಕೆ ಮದುವೆ ಉಂಟಾ?"

ಮಾವ್ಶಿ ಬಾಟಲಿಯಲ್ಲಿ ಉಳಿದದ್ದನ್ನು ನನ್ನ ತಲೆಗೆ ತಟ್ಟಿದರು.

ಮಲ್ಲಿಗೆ ಗುಣ ಮಾಡಿತೋ, ಕ್ರೀಮು ಬಿಟ್ಟದ್ದೋ, ಇಂದಿಗೂ ಹೇಳಲಾರೆ. ಮನೆಯ ತಲೆದಿಂಬುಗಳಿಗೂ ಆ ವಾರ ಮಲ್ಲಿಗೆಯ ಘಮವಿತ್ತು ಎಂದು ಬರೆಯಬೇಕೆನಿಸುತ್ತದೆ. ಅದು ಆಮೇಲೆ ನಾನೇ ಸೇರಿಸಿಕೊಂಡದ್ದಿರಬಹುದು. ಆದರೆ ಸಂಜೆ ಚಪ್ಪರದಡಿ ಅಕ್ಕ ಕೂತದ್ದಕ್ಕೆ ಊರೇ ಸಾಕ್ಷಿ. ಹೆಂಗಸರು ಹಾಡುತ್ತಿದ್ದರು. ತೆಂಗಿನ ಹಾಲು ಅವಳ ಎರಡೂ ಕೆನ್ನೆಗಳ ಮೇಲಿಂದ ಇಳಿಯುತ್ತಿತ್ತು. ಹಾಲು ಹಾರೀತೆಂದು ದೂರ ನಿಂತಿದ್ದ ಫೋಟೋದವರನ್ನು ಅವಳೇ ಕೂಗಿ ಕರೆದಳು: "ಅಲ್ಲಿ ನಿಂತು ಎಂತ ಮಾಡ್ತೀರಿ? ಹತ್ತಿರ ಬನ್ನಿ, ಮುಖ ಸರಿಯಾಗಿ ಕಾಣಬೇಕು!"