ಪ್ಲೇಟಿನಲ್ಲಿ ಉಳಿದದ್ದು

ಸಿಂದಗಿಯಲ್ಲಿ ಫಕ್ರುದ್ದೀನಣ್ಣನ ಎದುರು ನಿಂತು ಉಸಿರು ಹಿಡಿಯದವರು ಕಡಿಮೆ. ಮೂಲತಃ ಗೊಳಸಂಗಿಯವನು. ಫಿಲ್ಮು ತೊಳೆದು ಹಗ್ಗಕ್ಕೆ ಒಣಹಾಕುತ್ತಿದ್ದ ಕಾಲದಿಂದಲೂ ಎಕ್ಸ್-ರೇ ತೆಗೆಯುವುದೇ ಅವನ ಕೆಲಸ. ನಾನು ಸುನಂದಾ, ಅವನು ಕೆಲಸ ಮಾಡುವ ಎಕ್ಸ್-ರೇ ಸೆಂಟರಿನ ಕೌಂಟರಿನಲ್ಲಿ ಕೂರುವವಳು. ಊರ ಎದೆಗೂಡನ್ನೆಲ್ಲ ನೋಡಿದ ಈ ಮನುಷ್ಯ ಹೆಂಡತಿ ಮಾಬುಬಿಯ ಕೆಮ್ಮಿಗೆ ತಿಂಗಳುಗಟ್ಟಲೆ ಕಷಾಯ ಕುಡಿಸಿದ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ. ನನಗೆ ಈಗಲೂ ಸಿಟ್ಟಿದೆ.

ಕೊನೆಗೊಂದು ಮಧ್ಯಾಹ್ನ ಆಕೆಯನ್ನು ಆಟೋದಲ್ಲಿ ಕರೆತಂದ. ಒಳಗೆ ಇಬ್ಬರೇ, ಬಾಗಿಲು ಹಾಕಿತ್ತು. ಈಗ ಫಿಲ್ಮಿನ ಬದಲು ಬಳಸುವ ಪ್ಲೇಟಿನ ಮೇಲೆ ಎಕ್ಸ್-ರೇ ಬಿದ್ದದ್ದೇ ತಡ, ಕರೆಂಟು ಹೋಯಿತು. ಪ್ಲೇಟನ್ನು ಓದುವ ಯಂತ್ರ ಏಳಲಿಲ್ಲ. ಉಸಿರು ಸಿಗದ ಆಕೆಯನ್ನು ವಿಜಯಪುರಕ್ಕೆ ಒಯ್ದರು. ದೇವರ ಹಿಪ್ಪರಗಿ ದಾಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಫಕ್ರುದ್ದೀನಣ್ಣ ಅಳಲಿಲ್ಲ. ಮೂರನೇ ದಿನದ ಜಿಯಾರತ ಮುಗಿದ ಮರುದಿನವೇ ಕೆಲಸಕ್ಕೆ ಬಂದು ಕುರ್ಚಿ ಒರೆಸಿ ಕೂತ. ಚಹಾ ಕೊಟ್ಟರೆ ಕುಡಿದ, ಕೊಡದಿದ್ದರೆ ಕೇಳಲಿಲ್ಲ. ಅವನ ಬೆನ್ನಿಗೇ, ಬಸವನ ಬಾಗೇವಾಡಿಗೆ ಮದುವೆ ಮಾಡಿಕೊಟ್ಟ ಮಗಳು ಜಾಸ್ಮಿನ ಬಂದಳು. ಗಂಡನ ಮನೆಗೆ ಹೊರಟ ಚೀಲ ಕೈಯಲ್ಲೇ ಇತ್ತು.

“ಅಬ್ಬಾ, ಖರೇ ಹೇಳು. ಫೋಟೊ ತೆಗೆವಾಗ ಅಮ್ಮಿಗೆ ನಿಲ್ಲಾಕ ಆಗ್ತಿರಲಿಲ್ಲ. ನೀ ಎಲ್ಲಿದ್ದಿ? ದಿನದಂಗ ಎಕ್ಸ್-ರೇ ತಾಗಬಾರದಂತ ಆ ಸೀಸದ ಗ್ವಾಡಿ ಹಿಂದ ನಿಂತಿದ್ದೇನು?”

“ನೆಪ್ಪಿಲ್ಲ, ಯವ್ವಾ.”

“ಅಷ್ಟೂ ನೆಪ್ಪಿಲ್ಲಂದ್ರ ನಾ ಇನ್ನ ಈ ಊರಿಗೆ ಯಾಕ ಬರಬೇಕು?”

ಅವನ ಮುಖ ಅಲುಗಲಿಲ್ಲ. ಸುಳ್ಳು ಹೇಳುವ ಶಕ್ತಿಯೂ ಇರಲಿಲ್ಲ ಪಾಪ. ನನಗೇ ತಡೆಯಲಾಗಲಿಲ್ಲ. “ಅಣ್ಣಾರ, ಆ ಪ್ಲೇಟು ಇನ್ನೂ ರ‍್ಯಾಕಿನ್ಯಾಗ ಐತ್ರಿ. ಯಾರೂ ಓದಿಲ್ಲ, ಅಳಿಸಿಲ್ಲ.”

ಪ್ಲೇಟಿಗೆ ಬಳಿದಿರುವುದು ಅಡುಗೆ ಉಪ್ಪಿನ ದೂರದ ನೆಂಟ, ಬೇರಿಯಂ ಜೊತೆ ಫ್ಲೋರಿನ್, ಬ್ರೋಮಿನ್ ಸೇರಿದ ಹರಳಿನ ಪುಡಿ. ಹರಳಿನಲ್ಲಿ ಅಲ್ಲಲ್ಲಿ ಬ್ರೋಮಿನ್ ಇರಬೇಕಾದ ಜಾಗ ಖಾಲಿ ಇರುತ್ತದೆ. ಎಕ್ಸ್-ರೇ ಬಡಿದಾಗ ಎದ್ದೋಡುವ ಎಲೆಕ್ಟ್ರಾನು ಅಲ್ಲಿ ಸಿಕ್ಕಿಬೀಳುತ್ತದೆ. ಯಂತ್ರದ ಕೆಂಪು ಲೇಸರು ಅದನ್ನು ಎಬ್ಬಿಸಿದಾಗ ನೀಲಿ ಬೆಳಕು ಬಂದು ಚಿತ್ರವಾಗುತ್ತದೆ. ಇದೆಲ್ಲ ನನಗೆ ಕಲಿಸಿದವನೂ ಅವನೇ. “ಬಸ್ಸಿನ ಖಾಲಿ ಸೀಟಿದ್ದಂಗ, ಸುನಂದವ್ವಾ. ಐಬು ಇಲ್ಲದ ಹರಳಿನ್ಯಾಗ ಏನೂ ಉಳಿಯಾಂಗಿಲ್ಲ,” ಎನ್ನುತ್ತಿದ್ದ.

ಈಗ ಅವನು ತಲೆ ಅಲ್ಲಾಡಿಸಿದ. “ತಡಾ ಆಗೇತಿ. ಸಿಕ್ಕಿದ್ದ ಎಲೆಕ್ಟ್ರಾನು ಒಂದೊಂದ ಎದ್ದು ಇಳದ ಹೋಗಿರತಾವು.”

“ಉಳದಷ್ಟ ನೋಡೂಣು,” ಎಂದಳು ಜಾಸ್ಮಿನ. ಚೀಲವನ್ನು ಮಾತ್ರ ಕೆಳಗಿಡಲಿಲ್ಲ.

ಅವನು ಪ್ಲೇಟು ತಂದು ಯಂತ್ರಕ್ಕೆ ಕೊಟ್ಟ. ಬೇರೆ ಯಾರದೋ ಪ್ಲೇಟಿನಂತೆ. ಪ್ಲೇಟಿನ ನೆನಪು ಮಾಡಿದ್ದು ನಾನು. ಚಿತ್ರದಲ್ಲಿ ಅವನು ಇರದಿದ್ದರೆ ಮಗಳನ್ನು ಕೈಯಾರೆ ಕಳಿಸಿದವಳು ನಾನೇ ಆಗುತ್ತಿದ್ದೆ.

ಪರದೆಯ ಮೇಲೆ ಮಸುಕಾದ ಎದೆ ಮೂಡಿತು. ಮರಳು ಉದುರಿಸಿದಂತೆ ಚುಕ್ಕಿ ಚುಕ್ಕಿ. ಪಕ್ಕೆಲುಬು, ಕೆಳಗೆ, ಕಪ್ಪಾಗಿರಬೇಕಾದಲ್ಲಿ ಬಿಳಿಯಾದ ಪುಪ್ಪುಸ. ಅಂಚಿನಲ್ಲಿ, ಭುಜದ ಮೂಳೆಯ ಮೇಲೆ, ಇನ್ನೊಬ್ಬರ ಕೈಯ ನಾಲ್ಕು ಬೆರಳ ಮೂಳೆಗಳು. ಒಂದರಲ್ಲಿ ದಪ್ಪ ಉಂಗುರ.

ಅವನು ಬಲಗೈಯಲ್ಲಿ ಎಕ್ಸ್-ರೇ ಬಿಡುವ ಉದ್ದ ವಯರಿನ ಸ್ವಿಚ್ಚು ಒತ್ತಿ, ಎಡಗೈಯಿಂದ ಆಕೆಯನ್ನು ಹಿಡಿದಿದ್ದ. ಗೋಡೆಯ ಹಿಂದೆ ಹೋಗೇ ಇರಲಿಲ್ಲ.

ಫಕ್ರುದ್ದೀನಣ್ಣ ತನ್ನ ಎಡಗೈಯ ಉಂಗುರವನ್ನು ನೋಡಿದ, ಪರದೆಯನ್ನು ನೋಡಿದ. ಜಾಸ್ಮಿನ ಚೀಲ ಕೆಳಗಿಟ್ಟು ಆ ಕೈ ಹಿಡಿದುಕೊಂಡಳು.

“ನಡಗತಿದ್ದಳು, ಯವ್ವಾ,” ಅಂದ ಅವನು. “ಅಕಿ ಭುಜಾ ಭಾಳ ನಡಗತಿತ್ತು.”