ಉಚ್ಚೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ

ಕೆಮ್ಮಿದರೆ ನನಗೆ ಉಚ್ಚೆ ಸೋರುತ್ತಿತ್ತು. ಇಲ್ಲಿ ಜಿಪಿ ಎಂದು ಕರೆಯುವ ಬಡಾವಣೆಯ ಡಾಕ್ಟರಿಗೆ ಹೇಳು ಎಂದು ಮಗನನ್ನು ಕರೆದುಕೊಂಡು ಹೋದರೆ ಅವನು ಹೇಳಿದ್ದು, "ಮದರ್ ಈಸ್ ಅ ಬಿಟ್ ಟಯರ್ಡ್." ಟಯರ್ಡ್ ಎಂದರೆ ನನಗೆ ಗೊತ್ತು, ಸೊಸೆ ದಿನಾ ಸಂಜೆ ಅನ್ನುತ್ತಾಳೆ. ಇವನೂ ಮ್ಯಾಂಚೆಸ್ಟರಿನಲ್ಲಿ ಡಾಕ್ಟರು. ಊರವರ ಹೊಟ್ಟೆ ಕೊಯ್ಯುವವನಿಗೆ ಹೆತ್ತವಳ ಉಚ್ಚೆ ಎಂದರೆ ನಾಲಿಗೆ ಏಳುವುದಿಲ್ಲ. ಉಚ್ಚೆಗಿಂತ ಅವನ ಮೇಲೇ ಹೇಸಿಗೆಯಾಯಿತು.

"ಮುಂದಿನ ಸಲ ನೀನು ಹೊರಗೆ ಕೂತ್ಕೋ. ನಾನೇ ಹೇಳ್ತೀನಿ."

"ಯೆಸ್ಸು ನೋ ಬಿಟ್ರೆ ನಿಂಗೇನ್ ಬರುತ್ತಮ್ಮ?"

ನಾನು ಓದಿದ್ದು ಮೂರನೇ ಕ್ಲಾಸು. ಯೂರಿನ್ ಎಂಬುದು ಊರಿನ ಲ್ಯಾಬಿನಿಂದಲೇ ಗೊತ್ತಿತ್ತು. ಉಳಿದದ್ದು ಮಧ್ಯಾಹ್ನದ ಟೀವಿಯಲ್ಲಿ ಸಿಕ್ಕಿತು. ಪ್ಯಾಡಿನ ಜಾಹೀರಾತಿನಲ್ಲಿ ಮುದುಕಿಯರು ಹಲ್ಲು ಬಿಟ್ಟುಕೊಂಡು ಕುಣಿಯುತ್ತಾರೆ, ಸೋರುವುದೇ ಹಬ್ಬ ಎನ್ನುವಂತೆ. ಥೂ. ಆದರೂ ನೋಡಿದೆ. ಕುಕ್ಕರಿನ ಮುಂದೆ ನಿಂತು ದಿನಾ ಗಟ್ಟಿಯಾಗಿ ಹೇಳಿಕೊಂಡೆ, "ವೆನ್ ಐ ಕಾಫ್, ಯೂರಿನ್ ಕಮಿಂಗ್." ಇಲ್ಲೇ ಹುಟ್ಟಿದ ಮೊಮ್ಮಗಳು ಮೂಗು ಮುಚ್ಚಿಕೊಂಡು, "ಅಜ್ಜಿ, ದಟ್ಸ್ ಗ್ರೋಸ್" ಎಂದಳು. ಗ್ರೋಸ್ ಕೂಡ ಕಲಿತ ಹಾಗಾಯಿತು.

ಮತ್ತೆ ಜಿಪಿಯ ಹತ್ತಿರ ಹೋದ ದಿನ ಒಬ್ಬಳೇ ಒಳಗೆ ಹೋದೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ನಾನು ಬಾಯಿ ತೆರೆಯುವ ಮೊದಲೇ ಕೇಳಿದಳು, "ಹೌ ಆರ್ ದಿ ವಾಟರ್‌ವರ್ಕ್ಸ್?"

ನಮ್ಮೂರಲ್ಲಿ ವಾಟರ್‌ವರ್ಕ್ಸ್ ಎಂದರೆ ನಲ್ಲಿಗೆ ನೀರು ಬಿಡುವ ಆಫೀಸು. ಮನೆ ವಿಚಾರವನ್ನೂ ಕೇಳುತ್ತಾಳಲ್ಲ ಎಂದುಕೊಂಡು, "ವೆರಿ ಗುಡ್. ಫುಲ್ ಡೇ ಕಮಿಂಗ್" ಎಂದೆ.

"ಆಲ್ ಡೇ?"

"ನೈಟ್ ಆಲ್ಸೋ. ಗುಡ್ ಫೋರ್ಸ್."

"ಎನಿ ಲೀಕ್ಸ್?"

"ಕಿಚನ್ ಓನ್ಲಿ."

ಅವಳು ಟೈಪು ಮಾಡುವುದನ್ನು ನಿಲ್ಲಿಸಿ ತನ್ನ ಕಿಬ್ಬೊಟ್ಟೆಯ ಕೆಳಗೆ ಬೆರಳು ತೋರಿಸಿದಳು. ಆಗ ತಿಳಿಯಿತು. ಮೈಯೆಲ್ಲ ಉರಿಯಿತು. ಓದಿದವಳು, ಅವಳದೇ ಭಾಷೆ, ಅವಳಿಗೂ ಬಾಯಿ ಬರುವುದಿಲ್ಲ. ನನ್ನ ಮಗನ ಜಾತಿಯೇ.

"ಯೂರಿನ್?" ಎಂದೆ.

"ಯೆಸ್."

"ದೆನ್ ಸೇ ಯೂರಿನ್."

ಅವಳ ಕಿವಿ ಕೆಂಪಾಯಿತು. ಕುಕ್ಕರಿಗೆ ಹೇಳಿದ್ದನ್ನೇ ಅವಳಿಗೂ ಹೇಳಿದೆ. ಕೆಮ್ಮಿಯೂ ತೋರಿಸಿದೆ. ಅವಳು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡಳು.

ಹೊರಗೆ ಬಂದರೆ ಮಗ ಎದ್ದು ನಿಂತಿದ್ದ. "ಏನಂದ್ರಮ್ಮ?"

"ಉಚ್ಚೆ ಬಿಗಿಹಿಡಿಯೋ ವ್ಯಾಯಾಮ ಹೇಳ್ಕೊಟ್ಳು ಕಣೋ."

"ಮೆಲ್ಲಗಮ್ಮ" ಎಂದು ಸುತ್ತ ನೋಡಿದ.

ಅಲ್ಲಿ ಕೂತವರಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ. ಅದಕ್ಕೆ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದೆ.