ಗಾಡಿ ಓಟ ಹಿಡಿದ ಮೇಲೆ

ಕುಕನೂರಿನ ಅಂದಪ್ಪ ಕಾಳಿನ ವ್ಯಾಪಾರಿ. ಬೆಳಗ್ಗೆ ಅಂಗಡಿಯ ಗಾದಿಯ ಮೇಲೆ ಕುಂತನೆಂದರೆ ಮಧ್ಯಾಹ್ನದ ಊಟಕ್ಕಲ್ಲದೆ ಏಳುವವನಲ್ಲ. ತೂಕ ಮಾಡುವವನು ಕರೆದರೆ ಕುಂತಲ್ಲಿಂದಲೇ ಕತ್ತು ಚಾಚುತ್ತಾನೆ. ಚಹಾ ಬೇಕಾದರೆ ಕುಂತಲ್ಲಿಂದಲೇ ಎದುರಿನ ಖಾಜಾಸಾಬನ ಅಂಗಡಿಗೆ ಕೂಗು ಹಾಕುತ್ತಾನೆ. ಇಂಥವನಿಗೆ ಊರಲ್ಲಿ ಭಾರಿ ತಿರುಗಾಟದ ಮನುಷ್ಯ ಎಂದು ಹೆಸರು. ಆ ಹೆಸರನ್ನು ಇಟ್ಟವನೂ ಅವನೇ, ದಿನಾ ಒರೆಸಿ ಹೊಳಪು ಬರಿಸಿ ಇಡುವವನೂ ಅವನೇ.

ಹರೆಯದಲ್ಲಿ ಸೈಕಲ್ಲಿದ್ದಾಗ, ಕೊಪ್ಪಳಕ್ಕೆ ಹೋಗಿ ಬಿಸಿಲೇರುವುದರೊಳಗೆ ತಿರುಗಿ ಬಂದೆ ಎಂದು ಓಣಿ ಓಣಿ ಹೇಳಿಕೊಂಡು ಬಂದಿದ್ದ. ಕೊಪ್ಪಳದಲ್ಲಿ ಏನು ಕೆಲಸವಿತ್ತು ಎಂದರೆ, ಹೋಗಿ ಬರುವುದೇ ಕೆಲಸವಾಗಿತ್ತು. ಆಮೇಲೆ ಮೋಟಾರ್ ಸೈಕಲ್ ಬಂತು. ಇರಕಲ್ಲಗಡದಿಂದ ಹೊಸ ಹೆಂಡತಿ ಅನ್ನಮ್ಮನನ್ನು ಹಿಂದೆ ಕೂಡಿಸಿಕೊಂಡು ಹೊರಟವನು ತನ್ನ ಮನೆಯ ಅಂಗಳ ಬಂದ ಮೇಲೇ ಬ್ರೇಕು ಹಾಕಿದ್ದು. ದಾರಿಯಲ್ಲಿ ಅವಳ ಒಂದು ಚಪ್ಪಲಿ ಬಿದ್ದುಹೋಯಿತು. ಹೊಸ ಮದುವಣಗಿತ್ತಿ, ಬಾಯಿ ಬಿಡಲಿಲ್ಲ. ಇಳಿದು, ಉಳಿದೊಂದನ್ನು ಗೋಡೆಯಾಚೆ ಎಸೆದು, ಬರಿಗಾಲಲ್ಲಿ ಒಳಗೆ ಬಂದಳು. ಬರಿಗಾಲಲ್ಲಿ ಬಂದ ಸೊಸೆಯನ್ನು ನೋಡಿ ಅತ್ತೆ, ಭಾರಿ ಭಕ್ತಿವಂತೆ ಸಿಕ್ಕಳು ಎಂದು ಹಿಗ್ಗಿದಳು.

ವ್ಯಾನು ಬಂದ ಮೇಲೆ ಅಂದಪ್ಪನನ್ನು ಹಿಡಿಯುವವರೇ ಇಲ್ಲದಾಯಿತು. ವರ್ಷಕ್ಕೆ ಒಂದೆರಡು ಸಲ ಮನೆಮಂದಿಯನ್ನೆಲ್ಲ ತುಂಬಿಕೊಂಡು ದೇವರಿಗೆ ಹೊರಡುವುದು, ಎರಡೇ ದಿನದಲ್ಲಿ ಬೇರೆಯವರು ವಾರದಲ್ಲಿ ಮಾಡುವ ಊರುಗಳನ್ನೆಲ್ಲ ಮುಗಿಸಿ ಬರುವುದು, ಬಂದು ಗಾದಿಯ ಮೇಲೆ ಕುಂತು ಹೇಳುವುದು. ಮಂತ್ರಾಲಯ, ಶ್ರೀಶೈಲ ಮಾಡಿಕೊಂಡು ಬಂದ ಮರುದಿನ ಖಾಜಾಸಾಬ ಚಹಾದ ಲೋಟ ಇಡುತ್ತ ಕೇಳಿದ್ದ.

“ಶ್ರೀಶೈಲದಾಗ ಏನೇನ್ ನೋಡಿದಿ ಅಂದಪ್ಪಣ್ಣಾ?”

“ರಸ್ತಾ ಏನ್ ಮಾಡ್ಯಾರೋ ಮಾರಾಯಾ. ಎಣ್ಣಿ ಹಚ್ಚಿದಂಗ ಐತಿ.”

ಖಾಜಾಸಾಬ ನಗಲಿಲ್ಲ. ನಕ್ಕರೆ ಹೇಳುವುದನ್ನು ನಿಲ್ಲಿಸಿಬಿಟ್ಟಾನು ಎಂಬ ಹೆದರಿಕೆ ಅವನಿಗೆ. ಅಂದಪ್ಪ ಹೇಳುವಷ್ಟು ಹೊತ್ತು ಅಂಗಡಿ ಮುಂದಿನ ಕಟ್ಟೆಯ ಮೇಲೆ ಕುಂತು ಕೇಳುವವರಿಗೆ ಚಹಾ ಖರ್ಚಾಗುತ್ತಿತ್ತು.

ಆ ವ್ಯಾನಿನೊಳಗೆ ಕುಂತವರ ಪಾಡು ಮಾತ್ರ ಕಟ್ಟೆಗೆ ಬರುತ್ತಿರಲಿಲ್ಲ. ಅಂದಪ್ಪನಿಗೆ ಗಾಡಿ ನಿಲ್ಲಿಸುವುದೆಂದರೆ ಮಾನ ಹೋದಷ್ಟು ಸಂಕಟ. ಗಾಡಿ ಓಟ ಹಿಡಿದೈತಿ, ಈಗ ನಿಲ್ಲಿಸಿದರೆ ಓಟ ಕೆಡುತ್ತದೆ ಎನ್ನುತ್ತಿದ್ದ, ಗಾಡಿಯೇನೋ ಓಟದ ಕುದುರೆ ಎಂಬಂತೆ. ತನಗೆ ಒತ್ತಡ ಬಂದಾಗ ಮಾತ್ರ ಟೈರು ನೋಡಬೇಕಾಗುತ್ತಿತ್ತು. ಇಳಿದು, ಒಂದು ಟೈರನ್ನು ಬೂಟಿನಿಂದ ಒದ್ದು, ಜಾಲಿಕಂಟಿಯ ಹಿಂದೆ ಹೋಗಿ, ಹಗುರಾಗಿ ಬಂದು ಮತ್ತೆ ಸ್ಟೇರಿಂಗ್ ಹಿಡಿಯುತ್ತಿದ್ದ. ಗಂಡಸಿಗೆ ಕಂಟಿಯಾದರೂ ಆದೀತು, ಕಂಬವಾದರೂ ಆದೀತು. ಎರೆಭೂಮಿಯ ಬಟಾಬಯಲಿನಲ್ಲಿ ಹೆಣ್ಣುಮಕ್ಕಳು ಎಲ್ಲಿ ಹೋಗಬೇಕು? ಅದಕ್ಕೆ ಅವರು ತಮ್ಮ ತಮ್ಮಲ್ಲೇ ಒಂದು ದಾರಿ ಮಾಡಿಕೊಂಡಿದ್ದರು: ಹೊರಡುವ ದಿನ ನೀರು ಮುಟ್ಟುವುದಿಲ್ಲ. ಇದನ್ನು ಅನ್ನಮ್ಮನಿಗೆ ಅವಳ ತಾಯಿ ಹೇಳಿಕೊಟ್ಟಿದ್ದಳು, ಬಳೆ ತೊಡಿಸಿದಷ್ಟೇ ಸಹಜವಾಗಿ. ಅನ್ನಮ್ಮನೂ ಗಂಗಾವತಿಯಿಂದ ಬಂದ ಸೊಸೆ ಅಮೃತಾಳಿಗೆ ಹಾಗೆಯೇ ಹೇಳಿಕೊಟ್ಟಳು.

ಅಂದಪ್ಪ ಇದನ್ನೂ ತನ್ನ ಲೆಕ್ಕಕ್ಕೇ ಸೇರಿಸಿಕೊಂಡಿದ್ದ. ತಮ್ಮ ಮನೆಯ ಹೆಣ್ಣುಮಕ್ಕಳು ಯಾರಿಗೂ ತೊಂದರೆ ಕೊಡುವವರಲ್ಲ ಎಂದು ಹೇಳಿಕೊಳ್ಳುತ್ತಿದ್ದ. ಅದರಲ್ಲೂ ಅಕ್ಕ ಗವಿಸಿದ್ದವ್ವನೆಂದರೆ ಅವನಿಗೆ ಹೆಮ್ಮೆ. ಗಂಡ ತೀರಿದ ಮೇಲೆ ತಮ್ಮನ ಮನೆಯಲ್ಲೇ ಇರುವ ಮುದುಕಿ. ಕುಕನೂರಲ್ಲಿ ಗಾಡಿಯೊಳಗೆ ಕುಂತಳೆಂದರೆ ದೇವರ ಬಾಗಿಲಲ್ಲೇ ಇಳಿಯುವವಳು, ನಡುವೆ ಒಂದು ಮಾತು ತೆಗೆಯುವವಳಲ್ಲ. ಅನ್ನಮ್ಮ ಚಡಪಡಿಸಿದಾಗಲೆಲ್ಲ ಅಕ್ಕನನ್ನು ತೋರಿಸಿ, ಆ ವಯಸ್ಸಿನವಳೇ ತಡಕೊಂಡಾಳ, ನಿನಗೇನಾಗೈತಿ ಎನ್ನುತ್ತಿದ್ದ.

ಅನ್ನಮ್ಮನಿಗೆ ಏನಾಗಿತ್ತು ಎನ್ನುವುದು ಶ್ರೀಶೈಲದಿಂದ ಬಂದ ವಾರದಲ್ಲಿ ಗೊತ್ತಾಯಿತು. ಉರಿ, ಚಳಿಜ್ವರ, ಸೊಂಟದಲ್ಲಿ ಕಲ್ಲು ಕೂತಂಥ ನೋವು. ಕೊಪ್ಪಳದ ಆಸ್ಪತ್ರೆಯಲ್ಲಿ ಮಲಗಿಸಿದರು. ನೋಡಿದ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮಾತು ಖಡಕ್ಕು. ನೀರು ಯಾಕೆ ಕುಡಿಯುವುದಿಲ್ಲ, ಬಂದದ್ದನ್ನು ಯಾಕೆ ತಡೆಹಿಡಿಯುತ್ತೀರಿ ಎಂದು ಕೇಳಿದಳು. ನಮ್ಮ ಮನೆಯವರ ಗಾಡಿ ಓಟ ಹಿಡಿದಿತ್ತು ಎಂದು ಹೇಳಲು ಬರುತ್ತದೆಯೆ? ಈ ಸಲ ಔಷಧಕ್ಕೆ ಬಗ್ಗಿದೆ, ಇನ್ನೊಂದು ಸಲ ಹೀಗೆ ಮಾಡಿಕೊಂಡು ಬಂದರೆ ಮೂತ್ರಪಿಂಡವೇ ಕೈಬಿಡುತ್ತದೆ ಎಂದು ಡಾಕ್ಟರಮ್ಮ ಅಂದಪ್ಪನ ಎದುರಿಗೇ ಹೇಳಿದಳು. ಅಂದಪ್ಪ ಗಂಭೀರವಾಗಿ ತಲೆ ಆಡಿಸಿದ. ಊರಿಗೆ ಬಂದು ಕಟ್ಟೆಯಲ್ಲಿ, ಮನೆಯವಳಿಗೆ ಉಷ್ಣ ಆಗಿತ್ತು, ಕೊಪ್ಪಳಕ್ಕೆ ಎಷ್ಟು ಬೇಗ ಮುಟ್ಟಿಸಿದೆ ಗೊತ್ತೇನು ಎಂದು ಶುರುಮಾಡಿದ.

ಆ ವರ್ಷ ಜೋಳದ ರಾಶಿ ಮುಗಿದ ಮೇಲೆ ಅವನ ತಲೆಯಲ್ಲಿ ಹೊಸ ಹುಳ ಹೊಕ್ಕಿತು. ಕುಷ್ಟಗಿ ಮೇಲೆ ಹಾಯ್ದು ಕೂಡಲಸಂಗಮ, ಅಲ್ಲಿಂದ ವಿಜಯಪುರ, ಕತ್ತಲಾಗುವುದರೊಳಗೆ ಪಂಢರಪುರ; ಮರುದಿನ ತುಳಜಾಪುರ ನೋಡಿ ಮನೆ. ಮಗ ಪ್ರಭುರಾಜ ಫೋನಿನಲ್ಲಿ ದಾರಿ ಹಾಕಿ ನೋಡಿ, ಆಗುತ್ತದೆ ಎಂದ. ಆಗುತ್ತದೆ ಎಂದು ಫೋನು ಹೇಳಿತ್ತು. ಫೋನಿಗೆ ಒತ್ತಡ ಬರುವುದಿಲ್ಲವಲ್ಲ.

ಅನ್ನಮ್ಮ ಬರುವುದಿಲ್ಲ ಎಂದು ಹೇಳಬಹುದಿತ್ತು. ಆದರೆ ಸಂಗಮಕ್ಕೆ ಹೋಗುವ ಆಸೆ ಅವಳಿಗೂ ಇತ್ತು. ಎರಡು ಸಲ ಹೋಗಿದ್ದಳು, ಎರಡೂ ಸಲ ಹೊಳೆಗೆ ಕಾಲಿಡುವಷ್ಟರಲ್ಲಿ ಹಾರ್ನು ಕೇಳಿತ್ತು. ಹಾಗಾಗಿ ರೊಟ್ಟಿ ಬಡಿದಳು, ಶೇಂಗಾ ಚಟ್ನಿ ಕುಟ್ಟಿದಳು, ಗಂಟು ಕಟ್ಟಿದಳು. ಹೊರಡುವ ಹೊತ್ತಿಗೆ ಎಲ್ಲರ ಎದುರು ನಿಂತು ಒಂದು ತಂಬಿಗೆ ನೀರನ್ನು ಗಟಗಟ ಕುಡಿದಳು. ಗವಿಸಿದ್ದವ್ವ ಕಣ್ಣರಳಿಸಿ ನೋಡಿದಳು, ಸೊಸೆ ಬಾಯಿಗೆ ಸೆರಗು ಹಿಡಿದಳು. ಅಂದಪ್ಪ ನೋಡಲಿಲ್ಲ. ಅವನು ಗಾಡಿಗೆ ದೃಷ್ಟಿಯ ಲಿಂಬಿಹಣ್ಣು ಇಳಿಸುತ್ತಿದ್ದ.

ಯಲಬುರ್ಗಾ ದಾಟುವಷ್ಟರಲ್ಲಿ ತಂಬಿಗೆ ನೀರು ತನ್ನ ಕೆಲಸ ತೋರಿಸಿತು. ಅನ್ನಮ್ಮ ಕೇಳಿದಳು. ಮುಂದೆ ಪೆಟ್ರೋಲ್ ಪಂಪು ಬರುತ್ತದೆ, ಅಲ್ಲಿ ನಿಲ್ಲಿಸೋಣ ಎಂದ. ಪಂಪು ಬಂತು, ಹೋಯಿತು. ಎಣ್ಣೆ ಹಾಕಿಸುವುದಿಲ್ಲ, ಸುಮ್ಮನೆ ನಿಂತರೆ ಅವರೇನಂದಾರು ಎಂದ. ಇನ್ನೊಂದಿಷ್ಟು ದಾರಿ ಹೋದ ಮೇಲೆ, ಕಡಲೆ ಕಿತ್ತು ಬೋಳಾದ ಹೊಲಗಳ ನಡುವೆ ಗಾಡಿ ತಾನಾಗಿಯೇ ನಿಂತಿತು. ಅಂದಪ್ಪ ಇಳಿದು ಟೈರು ಒದ್ದ.

“ರೀ,” ಅನ್ನಮ್ಮ ಕಿಟಕಿಯಿಂದ ಹೇಳಿದಳು, “ನನಗೂ ಟೈರ ನೋಡೂದೈತಿ.”

ಮುಂದೆ ಕುಂತಿದ್ದ ಪ್ರಭುರಾಜ ಫೋನಿನೊಳಗೆ ಮುಖ ಹುದುಗಿಸಿದ. ಅಮೃತಾಳ ಹೊಟ್ಟೆ ನಗೆಯಿಂದ ಕುಣಿಯಿತು. ಅಂದಪ್ಪನಿಗೆ ಅರ್ಥವಾಯಿತೋ ಇಲ್ಲವೋ, ಇಲ್ಲೆಲ್ಲಿ ಮರೆ ಐತಿ, ಇಳಕಲ್ಲಿಗೆ ಹೋಗಿಬಿಡೋಣ ಎಂದ. ಅವನಿಗೊಂದು ಕಂಟಿ ಸಿಕ್ಕಿತ್ತು, ಲೋಕಕ್ಕೆಲ್ಲ ಸಿಕ್ಕಂತಾಗಿತ್ತು.

ಗಾಡಿ ಮತ್ತೆ ಓಟ ಹಿಡಿಯಿತು. ರಸ್ತೆಯ ಪ್ರತಿ ಉಬ್ಬಿಗೂ ಅನ್ನಮ್ಮನ ಸೊಂಟದಲ್ಲಿ ಹಳೆಯ ನೋವು ತಲೆ ಎತ್ತಿತು. ಅವಳು ದೇವರ ಹೆಸರು ಹೇಳಿಕೊಳ್ಳಲಿಲ್ಲ. ಡಾಕ್ಟರಮ್ಮನ ಮಾತನ್ನೇ ಹೇಳಿಕೊಂಡಳು. ಗಂಡನೂ ಆ ಮಾತು ಕೇಳಿದ್ದ, ತಲೆಯನ್ನೂ ಆಡಿಸಿದ್ದ. ಕೇಳಿಯೂ ಹೀಗೆ ಓಡಿಸುತ್ತಿದ್ದಾನೆಂದರೆ ಇನ್ನು ಯಾರು ಬಂದು ಹೇಳಬೇಕು ಎಂದು ಅವಳಿಗೆ ಮೊದಲ ಸಲ ಅನಿಸಿತು.

ಕುಷ್ಟಗಿಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಆಟೋಗಳ ಸಾಲು, ಎದುರಿಗೊಂದು ಹೊಟ್ಟಿನ ಟ್ರ್ಯಾಕ್ಟರು. ವ್ಯಾನು ನಿಲ್ಲಲೇಬೇಕಾಯಿತು. ಅನ್ನಮ್ಮ ಬಾಗಿಲು ಸರಿಸಿದಳು, ತನ್ನ ಚೀಲ ತಗೊಂಡು ಇಳಿದಳು, ಹಿಂದಿರುಗಿ ನೋಡದೆ ಸ್ಟ್ಯಾಂಡಿನೊಳಗೆ ನಡೆದಳು. ಹಿಂದೆ ಹಾರ್ನು ಬಡಿದುಕೊಳ್ಳುತ್ತಲೇ ಇತ್ತು.

ಹೊರಗೆ ಬಂದಾಗ ಅಂದಪ್ಪ ವ್ಯಾನನ್ನು ಬದಿಗೆ ಹಚ್ಚಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ಅವಳು ಅವಸರ ಮಾಡಲಿಲ್ಲ. ನಳದಲ್ಲಿ ಮುಖ ತೊಳೆದು, ಬಾಟಲಿ ತುಂಬಿಕೊಂಡು, ಅವನೆದುರಿಗೇ ಅರ್ಧ ಕುಡಿದಳು.

“ಆತಿಲ್ಲ? ಹತ್ತು ಇನ್ನ.”

“ನೀವು ಹೋಗಿಬರ್ರಿ. ನಾ ಬಸ್ಸಿಗೆ ಸಂಗಮಕ್ಕ ಹೊಂಟೀನಿ. ಅಲ್ಲಿಂದ ಮುಂದ ಬರಂಗಿಲ್ಲ.”

“ಮನ್ಯಾಗ ಗಾಡಿ ಇಟಗೊಂಡು ಬಸ್ಸಿಗೆ ಹೊಂಟ್ರ ಮಂದಿ ಏನಂದಾರು?”

“ಮಂದಿ ಬಂದು ನನ್ನ ದವಾಖಾನ್ಯಾಗ ಮಲಗಂಗಿಲ್ಲ. ಡಾಕ್ಟರ್ ಹೇಳಿದ್ದು ನೀವೂ ಕೇಳೀರಿ. ನಿಮಗ ಎಷ್ಟು ಊರು ಮುಗಿಸಿದ್ವಿ ಅನ್ನೂದೈತಿ. ನನಗ ಜೀವ ಇಟಗೊಂಡು ಮನಿಗೆ ಬರೂದೈತಿ.”

ಇಷ್ಟು ಮಾತನ್ನು ಅವಳು ಇಷ್ಟು ವರ್ಷದಲ್ಲಿ ಒಟ್ಟಿಗೆ ಆಡಿದ್ದಿಲ್ಲ. ಅಂದಪ್ಪ ಎಂದಿನ ಸಾಕ್ಷಿಯ ಕಡೆ ತಿರುಗಿದ. ನೋಡು ನಮ್ಮಕ್ಕನ್ನ, ಏನರ ಅಂದಾಳೇನು ಎಂದ. ಗವಿಸಿದ್ದವ್ವ ಆಗಲೇ ಬಾಗಿಲಿನ ಕಂಬ ಹಿಡಿದು ಒಂದು ಕಾಲು ಕೆಳಗಿಟ್ಟಿದ್ದಳು.

“ನಾ ನಿನ್ನೆ ಮಧ್ಯಾಹ್ನದಿಂದ ಹನಿ ನೀರ ಕುಡದಿಲ್ಲೋ ತಮ್ಮಾ,” ಎಂದಳು. “ನೀ ಗಾಡಿ ತಂದಾಗಿಂದ ಹಿಂಗ. ಉಪಾಸ ಅಂತ ನಿನಗ ಸುಳ್ಳ ಹೇಳೀನಿ. ಕೈ ಹಿಡಿ, ಇಳಸು.”

ಅಂದಪ್ಪ ಕೈ ಹಿಡಿದು ಇಳಿಸಿದ. ಅಮೃತಾ ಗಂಡನ ಮುಖವನ್ನೊಮ್ಮೆ ನೋಡಿದಳು. ಪ್ರಭುರಾಜ ಅಪ್ಪನ ಮುಖ ನೋಡುತ್ತಿದ್ದ. ಅಷ್ಟೇ ಸಾಕಾಯಿತು ಅವಳಿಗೆ. ರೊಟ್ಟಿಯ ಗಂಟನ್ನು ಬಗಲಲ್ಲಿ ಇರುಕಿಕೊಂಡು ಅವಳೂ ಇಳಿದಳು.

ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿದರೆ ಹೆಣ್ಣುಮಕ್ಕಳಿಗೆ ಟಿಕೀಟು ಬಿಟ್ಟಿ. ಮೂವರೂ ಕಿಟಕಿಯ ಬದಿ ಹಿಡಿದರು. ಬಸ್ಸು ಪ್ರತಿ ಊರಿಗೂ ನಿಂತಿತು, ಊರಿಲ್ಲದ ಕಡೆಯೂ ಕೈ ಮಾಡಿದವರಿಗೆ ನಿಂತಿತು, ಅದರ ಓಟವೇನೂ ಕೆಡಲಿಲ್ಲ. ಇಳಕಲ್ಲಿನ ಸ್ಟ್ಯಾಂಡಿನಲ್ಲಿ ಇಳಿದು ಹತ್ತಿದರು. ಹುನಗುಂದದಲ್ಲಿ ಚಹಾ ಕುಡಿದರು. ದಾರಿಯಲ್ಲಿ ಚಹಾ ಕುಡಿಯುವುದು ಇಷ್ಟು ರುಚಿ ಇರುತ್ತದೆಂದು ಗವಿಸಿದ್ದವ್ವನಿಗೆ ಗೊತ್ತೇ ಇರಲಿಲ್ಲ, ಇನ್ನೊಂದು ಲೋಟ ಕೇಳಿ ಕುಡಿದಳು. ಸಂಗಮ ಮುಟ್ಟಿದಾಗ ಬಿಸಿಲು ಇಳಿದಿತ್ತು. ಹೊಳೆಯ ಮೆಟ್ಟಿಲ ಮೇಲೆ ಕುಂತು ಮೂವರೂ ನೀರಲ್ಲಿ ಕಾಲು ಇಳಿಬಿಟ್ಟರು. ಯಾರೂ ಹಾರ್ನು ಬಾರಿಸಲಿಲ್ಲ.

ಫೋನು ಮಾತ್ರ ಬಂತು. ವ್ಯಾನು ಸಂಗಮವನ್ನು ಬಿಟ್ಟು ನೇರ ವಿಜಯಪುರ ದಾಟಿತ್ತು. ಕುಷ್ಟಗಿಯಲ್ಲಿ ಕಳೆದ ಹೊತ್ತನ್ನು ಒಂದು ದೇವರನ್ನು ಬಿಟ್ಟಾದರೂ ಸರಿದೂಗಿಸಿಕೊಳ್ಳಬೇಕಲ್ಲ. ಎಲ್ಲಿದ್ದೀರಿ, ಹೇಗಿದ್ದೀರಿ ಎಂದು ಕೇಳುತ್ತಾನೇನೋ ಎಂದು ಅನ್ನಮ್ಮ ಕಿವಿಗೊಟ್ಟಳು.

“ರೊಟ್ಟಿ ಗಂಟು ಎಲ್ಲಿಟ್ಟೀಯ?” ಎಂದ ಅಂದಪ್ಪ.

“ಉಂಡ್ವಿ,” ಎಂದಳು.

ಅಂದಪ್ಪ ಪಂಢರಪುರವನ್ನೇನೋ ಮುಟ್ಟಿದ. ಅಲ್ಲಿ ದರ್ಶನದ ಪಾಳಿ ಉದ್ದವಿತ್ತು, ನಿಂತರೆ ತುಳಜಾಪುರ ತಪ್ಪುತ್ತದೆ ಎಂದು ಶಿಖರಕ್ಕೇ ಕೈ ಮುಗಿದು ಗಾಡಿ ತಿರುಗಿಸಿದ. ತುಳಜಾಪುರದಲ್ಲೂ ಹಾಗೆಯೇ ಆಯಿತಂತೆ. ಎರಡು ದಿನ ಓಡಿಸಿ ಅವನು ನೋಡಿದ್ದು ಎರಡು ಶಿಖರ, ಅದೂ ಗಾಡಿಯ ಗಾಜಿನೊಳಗಿಂದ. ಮನೆಗೆ ಬಂದಾಗ ಕತ್ತು ತಿರುಗುತ್ತಿರಲಿಲ್ಲ, ಪ್ರಭುರಾಜ ಮಾತಾಡುತ್ತಿರಲಿಲ್ಲ. ಹೆಣ್ಣುಮಕ್ಕಳು ಇನ್ನೂ ಬಂದಿರಲಿಲ್ಲ. ಸಂಗಮದ ಯಾತ್ರಿನಿವಾಸದಲ್ಲಿ ಉಳಿದು, ದಾಸೋಹದಲ್ಲಿ ಉಂಡು, ಮನಸ್ಸಿಗೆ ಬಂದಾಗ ಬಸ್ಸು ಹತ್ತಿ ಬಂದರು. ಅನ್ನಮ್ಮನಿಗೆ ಉರಿಯಿರಲಿಲ್ಲ, ಜ್ವರವಿರಲಿಲ್ಲ. ಬಂದವಳೇ ಒಲೆ ಹಚ್ಚಿದಳು.

ಇಷ್ಟಾದ ಮೇಲೆ ಅಂದಪ್ಪ ತಲೆ ತಗ್ಗಿಸಿ ಓಡಾಡಿರಬೇಕು ಎಂದು ಯಾರಾದರೂ ಎಣಿಸಿದರೆ ಅವರಿಗೆ ಅಂದಪ್ಪ ಗೊತ್ತಿಲ್ಲ. ಮರುದಿನವೇ ಗಾದಿಯ ಮೇಲೆ ಕುಂತು, ಸರ್ಕಾರ ಹೆಣ್ಣುಮಕ್ಕಳಿಗೆ ಅಷ್ಟು ಅನುಕೂಲ ಮಾಡೈತಿ, ಯಾಕೆ ಬಿಡಬೇಕು ಅಂತ ನಾನೇ ಕುಷ್ಟಗಿಯಲ್ಲಿ ಇಳಿಸಿ ಬಸ್ಸಿಗೆ ಹತ್ತಿಸಿದೆ ಎಂದು ಹೇಳುತ್ತಿದ್ದ. ಗಾಡಿ ಹಗುರಾಗಿ ಗಾಳಿಯಂತೆ ಓಡಿತಂತೆ. ಖಾಜಾಸಾಬ ಇದನ್ನೂ ನಗದೆ ಕೇಳಿದ.

ಈಗಲೂ ವ್ಯಾನು ವರ್ಷಕ್ಕೆರಡು ಸಲ ಹೊರಡುತ್ತದೆ. ಅಂದಪ್ಪನ ಸಂಗಡ ಅವನಂಥವರೇ ಮೂರ್ನಾಲ್ಕು ಗಂಡಸರಿರುತ್ತಾರೆ. ಯಾರಿಗೂ ಯಾವ ಊರಲ್ಲೂ ಇಳಿಯುವ ಕೆಲಸವಿರುವುದಿಲ್ಲ. ಪ್ರಭುರಾಜನಿಗೆ ಪ್ರತಿ ಸಲ ಅಂಗಡಿಯಲ್ಲಿ ಏನೋ ಕೆಲಸ ಬರುತ್ತದೆ. ಅನ್ನಮ್ಮ, ಅಮೃತಾ, ಗವಿಸಿದ್ದವ್ವ ಬಸ್ಸಿನಲ್ಲಿ ಹೋಗುತ್ತಾರೆ, ದಿನಕ್ಕೆ ಒಂದೇ ಊರು. ಕಳೆದ ಸಲ ವ್ಯಾನು ಒಂದೇ ದಿನದಲ್ಲಿ ಗೋಕರ್ಣ ಮುಟ್ಟಿ ತಿರುಗಿದಾಗ, ಇವರು ಗಂಗಾವತಿಯಲ್ಲಿ ಅಮೃತಾಳ ತವರಲ್ಲಿ ಉಂಡು, ಆನೆಗೊಂದಿಗೆ ಹೋಗಿ, ಒಂದು ಹಳೇ ಮಂಟಪದ ತಂಪಿನಲ್ಲಿ ಸೆರಗು ಹಾಸಿಕೊಂಡು ಮಲಗಿದ್ದರು. ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಅಮೃತಾ ಕೇಳಿದಳು. ಅತ್ತೆಗೆ ಆಗಲೇ ನಿದ್ದೆ ಹತ್ತಿತ್ತು.